ಹಳೇ ಫಾರಂ

ಮಹರಾಯ,

ಇವತ್ತು ನೀನು ಮದುವೆ ನೋಂದಣಿಗೆ ಅಂತ ಬಂದು ನಿಂತಿದ್ದು ನನ್ನ ಕೌಂಟರ್ ಮುಂದೆ. ಪಕ್ಕದಲ್ಲಿ ನೀನು ಮದುವೆಯಾಗೋ ಹುಡುಗ. ತಲೆ ಬೋಳಾಗಿ ಕನ್ನಡಕ ಬಂದಿರೋ ಈ ಗುಮಾಸ್ತನ ಗುರುತು ನಿನಗೆ ಸಿಗಲಿಲ್ಲ.

ನಮ್ಮ ಆಫೀಸಲ್ಲಿ ಇನ್ನೂ ಹಳೇ ಫಾರಮ್ಮೇ. ಗಂಡಸರಿಬ್ಬರು ಬಂದರೆ ‘ವಧು’ ಅನ್ನೋದನ್ನ ಸ್ಕೇಲಿಟ್ಟು ಹೊಡೆದು, ಮೇಲೆ ‘ವರ’ ಅಂತ ನಾನೇ ಬರೆದು ಕೊಡ್ತೀನಿ. ಅದನ್ನ ನೋಡಿ ನಿನಗೆ ಎಲ್ಲಿಲ್ಲದ ಕೋಪ ಬಂತು.

“ನಮ್ಮಂಥವರ ಮದುವೆಗೆ ಕಾನೂನು ಬಂದು ವರ್ಷವಾಯ್ತು. ಇದೇನ್ರೀ ಅವಮಾನ? ನಾಲ್ಕು ಜನ ಸೇರಿ ಇಲ್ಲಿ ಧರಣಿ ಕೂತರೆ ನಿಮಗೆ ಬುದ್ಧಿ ಬರುತ್ತೆ” ಅಂದೆ ನೀನು.

ಧರಣಿ. ಯಾರ ಬಾಯಲ್ಲಿ ಎಂಥ ಮಾತು.

ನಾವಿಬ್ಬರೂ ಒಂದೇ ರೂಮಲ್ಲಿದ್ದಾಗ, ಈ ಕಾನೂನು ಬೇಕು ಅಂತ ಹೊರಟ ಮೊದಲ ಮೆರವಣಿಗೆಗೆ ಬ್ಯಾನರಿನ ಒಂದು ಕೋಲು ನನ್ನದು, ಇನ್ನೊಂದು ನಿನ್ನದು ಅಂತ ಮಾತಾಗಿತ್ತು. ಆ ದಿನ ನೀನು ಕಿಟಕಿ ಪರದೆ ಎಳೆದು, “ಬೀದೀಲಿ ಕೂಗಿದರೆ ಕಾನೂನು ಬದಲಾಗುತ್ತೇನೋ? ಸುಮ್ಮನಿದ್ದರೆ ತಾನಾಗೇ ಸರಿಹೋಗುತ್ತೆ” ಅಂದೆ. ನಾನೂ ಬಾಯಿಗೆ ಬಂದದ್ದು ಅಂದು ಬಾಗಿಲು ಎಳಕೊಂಡು ಹೋದೆ. ನಿನ್ನ ಕೋಲನ್ನ ಯಾರೋ ನಿವೃತ್ತ ಟೀಚರಮ್ಮ ಹಿಡಿದರು. ಆಮೇಲೆ ಹದಿನಾಲ್ಕು ವರ್ಷ ಅದೇ ಬೀದಿ, ಅದೇ ಬ್ಯಾನರು, ನಡುವೆ ಎರಡು ಸಲ ಲಾಠಿ ಏಟು. ತಾನಾಗೇ ಸರಿಹೋಗಿದ್ದು ಹೀಗೆ ಕಣೋ.

ಇದೆಲ್ಲ ಹೇಳಿಬಿಡೋಣ ಅನ್ನಿಸಿತು. ನಿನ್ನ ಹುಡುಗನ ಮುಖ ನೋಡಿ ಫಾರಂ ನನ್ನ ಕಡೆ ಎಳಕೊಂಡೆ. ಕೋಪದಲ್ಲಿ ತುಂಬಿದ ಫಾರಮ್ಮಲ್ಲಿ ತಾಯಿಯ ಹೆಸರಿನ ಜಾಗ ನೀನು ಖಾಲಿ ಬಿಟ್ಟಿದ್ದೆ. ನಿನ್ನನ್ನ ಕೇಳದೇ ನಾನೇ ನಿನ್ನಮ್ಮನ ಹೆಸರು ಬರೆದೆ.

ಆಗ ನೀನು ತಲೆಯೆತ್ತಿ ನನ್ನನ್ನ ನೋಡಿದೆ.

“ಮುಂದಿನವರು ಬನ್ನಿ” ಅಂದೆ ನಾನು.