ಪೆರೀಖಾನಳ ಅರ್ಧ ಜಮಖಾನ

ಕಲಾರ್
೨೯ ಮಾರ್ಚ್ ೨೦೧೯

ನನ್ನ ಕಣ್ಣ ಬೆಳಕು ತ್ರೀಫಾಳಿಗೆ,

ಇಡೀ ಕುರ್ದಿಸ್ತಾನದಲ್ಲಿ ನಿನ್ನ ಚಿಕ್ಕಪ್ಪನ ಅಪ್ಪಣೆಯಿಲ್ಲದೆ ಒಂದು ಬಲ್ಬೂ ಹೊತ್ತಿಕೊಳ್ಳುವುದಿಲ್ಲ, ನಿನಗೆ ಗೊತ್ತಿರುವುದೇ. ಅಂಥವನು ಇಷ್ಟು ದಿನ ನಿನ್ನ ಫೋನು ಎತ್ತದೆ ಕೂತಿದ್ದಕ್ಕೆ ಕ್ಷಮಿಸು. ಫೋನಿನಲ್ಲಾದರೆ ನಡುವೆಯೇ ಬೈದು ಇಟ್ಟುಬಿಡುತ್ತೀಯ. ಹೊಟ್ಟೆಯೊಳಗಿನ ಮರಿ ಒದೆಯುತ್ತಿದೆಯೇ? ಡಾಕ್ಟರು ಏಳಬೇಡ ಅಂದಿದ್ದಾರೆ, ಮಲಗಿಕೊಂಡೇ ಓದು.

ಹೊಸ ವರ್ಷದ ನವ್ರೋಜಿಗೆಂದು ನೀನು ಚಿತ್ರ ಬರೆದುಕೊಟ್ಟ ದೀಪಗಳನ್ನು ಕೋಟೆಯ ದಿಬ್ಬದ ಮೇಲೆ ನೀನು ಹೇಳಿದಂತೆಯೇ ಕಟ್ಟಿಸಿದೆ. ಕೆಂಪು ಅಂಚು, ನೀಲಿ ಟಗರುಕೊಂಬಿನ ಚಿತ್ತಾರ, ಎಲ್ಲ ನನ್ನ ತಂಗಿ ಪೆರೀಖಾನ್ ನೇಯ್ದ ಜಮಖಾನದ ಹಾಗೆಯೇ. ಮೂವತ್ತು ವರ್ಷದ ಹಿಂದೆ ಸೈನಿಕರು ಅವಳನ್ನು ಲಾರಿ ಹತ್ತಿಸಿಕೊಂಡು ಹೋದ ದಿನ ಅದು ಮಗ್ಗದ ಮೇಲೆ ಎಲ್ಲಿಗೆ ನಿಂತಿತ್ತೋ ಅಲ್ಲಿಗೇ ನಿನ್ನ ಬೆಳಕೂ ನಿಂತಿತು. ಮೇಲಿನರ್ಧ ಕತ್ತಲು. ನನ್ನಮ್ಮ, ನಿನ್ನ ಅಜ್ಜಿ, ನಿನಗೆ ಒಪ್ಪಿಗೆ ಕೊಟ್ಟಿದ್ದೇ ಆ ಷರತ್ತಿನ ಮೇಲೆ.

ಆದರೆ ಕೇರಿಗೆಲ್ಲ ಕರೆಂಟು ಮಾರುವ ಜನರೇಟರ್ ಫತಾಹನ ಬಾಯಿ ಗೊತ್ತಲ್ಲ. ಚಹಾದಂಗಡಿಯಲ್ಲಿ ಎಲ್ಲರೆದುರು, "ಏನಯ್ಯಾ ದರ್ವೇಶ್, ಬಲ್ಬಿಗೆ ದುಡ್ಡು ಸಾಲದೆ ನಿಮ್ಮ ಹುಡುಗಿ ದಿಬ್ಬಕ್ಕೆ ಒಂಟಿ ಕಾಲಿನ ಷರಾಯಿ ತೊಡಿಸಿದ್ದಾಳಲ್ಲೋ!" ಅಂದ. ಅಂಗಡಿಗೆ ಅಂಗಡಿಯೇ ನಕ್ಕಿತು. "ನವ್ರೋಜ್ ದಿನ ನೋಡ್ತಿರು, ನಿನ್ನ ಜನರೇಟರಿಗೆ ಬಿಕ್ಕಳಿಕೆ ಬರಿಸ್ತೀನಿ" ಅಂದೆ. ಬಜಾರಿನಿಂದ ಬಲ್ಬಿನ ಸರ ತಂದು ಆ ಕತ್ತಲನ್ನೂ ತುಂಬಿಸಿಬಿಟ್ಟೆ.

ನವ್ರೋಜಿನ ಸಂಜೆ ಬೆಂಕಿ ಹಚ್ಚಿದರು, ಡೋಲು ಶುರುವಾಯಿತು, ಫತಾಹ್ ಸ್ವಿಚ್ಚು ಒತ್ತಿದ. ಜನ ಹೋ ಎಂದು ಕೂಗಿದರು. ಅಮ್ಮ ಮಾತ್ರ ಕುರ್ಚಿಯಿಂದ ಎದ್ದು ನಿಂತಳು.

"ಯಾರು ಮುಗಿಸಿದ್ದು?"

"ನಾನೇ ಅಮ್ಮಾ. ಚೆನ್ನಾಗಿದೆ ಅಲ್ವಾ?"

"ಬೇರೆಯವರು ಮುಗಿಸಬೇಕಾದರೆ ನೇಯ್ದವಳು ಸತ್ತಿರಬೇಕು. ನನ್ನ ಮಗಳು ಸತ್ತಳು ಅಂತ ನಿನಗೆ ಹೇಳಿದವರು ಯಾರೋ?"

"ಅಯ್ಯೋ, ಬಲ್ಬು ಕಣಮ್ಮಾ, ನೂಲಲ್ಲ" ಅಂತ ನಗಿಸಲು ನೋಡಿದೆ. ಡೋಲು ನಿಂತಿತು.

"ಫತಾಹ್, ಆರಿಸು" ಅಂದಳು. ಅಷ್ಟು ಬಾಯಿಯವನು ಓಡಿಹೋಗಿ ಆರಿಸಿದ. ಆ ವಯಸ್ಸಿನಲ್ಲಿ ಅಮ್ಮ ದಿಬ್ಬ ಹತ್ತಿದಳು. ಕೈ ಹಿಡಿಯಲು ಹೋದೆ, ಕೊಡವಿಬಿಟ್ಟಳು. ನಾನು ಕಟ್ಟಿದ ಸರಗಳನ್ನೆಲ್ಲ ಒಂದೊಂದಾಗಿ ಕಿತ್ತು ಕಲ್ಲಿಗೆ ಬಡಿದಳು. ಗಾಜು ತಾಗಿ ಅಂಗೈ ರಕ್ತವಾಯಿತು. ಎಲ್ಲಿ ಜಾರಿ ಬೀಳುತ್ತಾಳೋ ಅಂತ ನಾನು ಎರಡೂ ಕೈ ಚಾಚಿಕೊಂಡು ಹಿಂದೆ ಹಿಂದೆಯೇ ಇದ್ದೆ.

"ಈಗ ಹಾಕು."

ಅರ್ಧವೇ ಬೆಳಗಿತು. ಅದೇ ಲಾರಿಗಳಲ್ಲಿ ಹೋದ ಮನೆಯವರು ವಾಪಸು ಬಾರದ ಹೆಂಗಸರು ಒಬ್ಬೊಬ್ಬರಾಗಿ ಬಂದು ಆ ಕತ್ತಲಿನ ಕಡೆಗೆ ಮುಖಮಾಡಿ ಕೂತರು. ಆಮೇಲೆ ಯಾರೂ ಕುಣಿಯಲಿಲ್ಲ.

ನಿನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. "ತ್ರೀಫಾ ಮಾತು ಉಳಿಸಿಕೊಂಡಿದ್ದಳು" ಅಂದಳಂತೆ. ನನ್ನ ಹತ್ತಿರ ಮಾತಿಲ್ಲ. ನಾನು ತಂದ ರೊಟ್ಟಿಯನ್ನು ಪಕ್ಕದ ಮನೆಗೆ ಕೊಟ್ಟುಬಿಡುತ್ತಾಳೆ. ನೀನೊಂದು ಫೋನು ಮಾಡಿ ನನ್ನ ಪರವಾಗಿ ಎರಡು ಮಾತು ಹೇಳು, ಮಗಳೇ.

ದೇವರು ಸುಸೂತ್ರ ಹೆರಿಗೆ ಕೊಟ್ಟು ನಿನ್ನನ್ನೂ ಮರಿಯನ್ನೂ ಬೇರೆ ಬೇರೆ ಮಾಡಿ ಸುಖವಾಗಿಡಲಿ.

ನಿನ್ನ ಚಿಕ್ಕಪ್ಪ,
ದರ್ವೇಶ್

ಮರೆತಿದ್ದೆ: ಫತಾಹನ ಮಾತು ಬರೀ ನೆಪ. ಪೆರೀಖಾನಳ ಹೆಸರಿಗೊಂದು ಗೋರಿಕಲ್ಲು ನಿಲ್ಲಿಸಬೇಕೆಂದು ಅಮ್ಮನಿಗೆ ಗೊತ್ತಾಗದಂತೆ ವರ್ಷಗಟ್ಟಲೆ ದುಡ್ಡು ಕೂಡಿಟ್ಟಿದ್ದೆ. ಅಮ್ಮ ಬದುಕಿರುವ ತನಕ ಕಲ್ಲು ನಿಲ್ಲಿಸಲು ಬಿಡುವುದಿಲ್ಲ. ಜಮಖಾನವಾದರೂ ಮುಗಿಯಲಿ, ನನಗೆ ಕಾದು ಸಾಕಾಗಿದೆ ಅನ್ನಿಸಿತು. ನಿನ್ನ ಚಿಕ್ಕಮ್ಮನಿಗೆ ಬಲ್ಬಿಗೆ ಇಪ್ಪತ್ತೈದು ಸಾವಿರ ಹೋಯಿತು ಅಂದಿದ್ದೇನೆ. ಹೋದದ್ದು ಕಲ್ಲಿಗೆಂದು ಕೂಡಿಟ್ಟ ಅಷ್ಟೂ, ಒಂಬತ್ತು ಲಕ್ಷದ ಎಪ್ಪತ್ತು ಸಾವಿರ ದಿನಾರ್.