ಲಾಕರ್‌ನಲ್ಲಿದ್ದ ನಾಣ್ಯ

ಗುರುವಾರ, ೧೪ನೇ ತಾರೀಖು

ಅಪ್ಪನಿಗೆ ಇನ್ನೂ ಹೇಳಿಲ್ಲ. ಬ್ಯಾಂಕ್ ಲಾಕರ್‌ನಿಂದ ತಂದ ಚಿನ್ನದ ನಾಣ್ಯವನ್ನು ಪರೀಕ್ಷಕರು ತೂಗಿದರು, ಭೂತಗನ್ನಡಿಯಲ್ಲಿ ಅಂಚು ನೋಡಿದರು, ಮೆಲ್ಲಗೆ ನನ್ನತ್ತ ಸರಿಸಿದರು. "ಇದು ಹಿತ್ತಾಳೆ ಕಣಮ್ಮಾ, ಮೇಲೆ ಚಿನ್ನದ ಲೇಪ ಅಷ್ಟೇ. ಅಸಲಿ ಬೇರೆ ಎಲ್ಲಾದ್ರೂ ಇಟ್ಟಿದ್ದೀರಾ?"

ಬಂದವರಿಗೆ ತೋರಿಸಲೆಂದೇ ಅಪ್ಪ ಒಂದು ನಕಲು ಮಾಡಿಸಿದ್ದರು. ಲಾಕರ್‌ಗೆ ಇಡುವಾಗ ಅದಲುಬದಲಾಗಿದೆ. ಮನೆಯಲ್ಲಿದ್ದದ್ದು ನಕಲಿಯೆಂದು ಹೋದ ತಿಂಗಳು ತಾವೇ ಅದಕ್ಕೆ ತೂತು ಕೊರೆದು, "ನಮ್ಮ ಕಾವಲುಗಾರನಿಗೂ ಒಂದು ಪದಕ ಇರ್ಲಿ" ಎಂದು ನಾಯಿಯ ಕೊರಳಪಟ್ಟಿಗೆ ಸಿಕ್ಕಿಸಿದರು.

ಊಟಕ್ಕೆ ಕೂತಾಗ ಕೇಳಿದರು, "ಏನಂದ್ರು?"

"ನಾಳೆ ಹೇಳ್ತಾರಂತಪ್ಪಾ" ಎಂದೆ, ತಟ್ಟೆ ನೋಡುತ್ತಾ.

ಈಗ ಅವರ ಗೊರಕೆ ಇಲ್ಲಿಯವರೆಗೂ ಕೇಳಿಸುತ್ತಿದೆ. ಗೇಟು ತೆರೆದೇ ಇಟ್ಟಿದ್ದೇನೆ. ಸಂಜೆ ಹೊರಗೆ ಹೋದ ನಾಯಿ ಇನ್ನೂ ಮನೆಗೆ ಬಂದಿಲ್ಲ.