ಹತ್ತಿಬಂಡಿಯ ಹತ್ತು

ಆದೋನಿ
೧೨ ಡಿಸೆಂಬರ್ ೨೦೨೪, ಗುರುವಾರ

ಪೂಜ್ಯ ಅತ್ತೆಯವರಿಗೆ ಸೊಸೆ ಪ್ರತಿಮಾ ಮಾಡುವ ಶರಣು.

ನಿಮ್ಮ ಮೊಣಕಾಲು ನೋವು ಹೇಗಿದೆ? ಮದ್ದಿಕೇರದ ಚಳಿಗೆ ಗಂಗೋತ್ರಿ ಬಿಸಿನೀರು ಕಾಯಿಸಿ ಕೊಡುತ್ತಾಳೋ, ಇಲ್ಲ ಮಗಳ ಮನೆಯೆಂದು ಸಂಕೋಚಪಟ್ಟು ನೀವೇ ತಣ್ಣೀರು ಸುರಿದುಕೊಳ್ಳುತ್ತಿದ್ದೀರೋ? ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಆಟದ ಮಾತೆತ್ತಿದರೆ ಸಾಕು ನೀವು ಫೋನು ಕಟ್ ಮಾಡುತ್ತೀರಿ, ಅದಕ್ಕೇ ಈ ಕಾಗದ. ನಿಮ್ಮ ಮಗ ಎದುರಿಗೇ ಕೂತು ಏನೇನು ಬರೆಯಬೇಕೆಂದು ಹೇಳುತ್ತಿದ್ದಾರೆ, ಬರೆದದ್ದನ್ನು ಓದಿಸಿಕೊಳ್ಳುತ್ತಲೂ ಇದ್ದಾರೆ. ತೆಲುಗು ಶಾಲೆಗೆ ಹೋದವರಲ್ಲವೇ, ಕನ್ನಡದ ಅಚ್ಚಿನಕ್ಷರವನ್ನು ಹೇಗೋ ಕೂಡಿಸಿಕೊಂಡು ಓದುತ್ತಾರೆ, ಕೈಬರಹ ಮಾತ್ರ ಕಬ್ಬಿಣದ ಕಡಲೆ. ಇದನ್ನು ಬರೆಯಬೇಡ ಅಂದರು, ಬರೆದೆ.

ತಪ್ಪು ಯಾರದೂ ಅಲ್ಲ, ಆ ಪದದ್ದು ಅನ್ನುತ್ತಾರೆ. ಲಾಕ್‌ಡೌನಿನಲ್ಲಿ ಮಕ್ಕಳು ಮನೆಯಲ್ಲೇ ಇರಲೆಂದು ನೀವು ಪಡಸಾಲೆಯ ನೆಲದ ಮೇಲೆ ಹೊಳಗುಂದದಿಂದ ಆದೋನಿಯ ಹತ್ತಿ ಮಾರುವ ಯಾರ್ಡಿನವರೆಗೆ ದಾರಿ ಬರೆದು ಹತ್ತಿಬಂಡಿ ಆಟ ಕಟ್ಟಿದಿರಿ. ಇವರು ಒಂದು ದಿನವೂ ಅದನ್ನು ಆಡಲು ಕೂತವರಲ್ಲ. ಹೈದರಾಬಾದಿನ ಕಂಪನಿಯವರು ಅದನ್ನು ಅಚ್ಚು ಹಾಕಿಸುತ್ತೇವೆಂದಾಗ ನೀವು ನಿಯಮ ಹೇಳುತ್ತ ಹೋದಿರಿ, ಇವರು ತೆಲುಗಿನಲ್ಲಿ ಬರೆದುಕೊಂಡರು. ‘ಇನ್ನೊಬ್ಬರ ಕಾಯಿ ಇದ್ದ ಮನಿಗೆ ಬಂದ್ರ ಹತ್ತು’ ಅಂದಿರಿ. ಅವರ ಬಂಡಿ ಹತ್ತು, ಇಬ್ಬರೂ ಕೂಡಿ ಮುಂದೆ ಹೋಗಿ ಎಂದು ನಿಮ್ಮ ಅರ್ಥ. ಇವರು ಅದನ್ನು ಎಣಿಕೆಯ ಹತ್ತು ಮಾಡಿ ತೆಲುಗಿನಲ್ಲಿ ‘ಪದಿ’ ಎಂದು ಬರೆದುಬಿಟ್ಟರು. ಹಾಗಾಗಿ ಆ ಕಾಯಿಯನ್ನು ಅಲ್ಲೇ ಬಿಟ್ಟು ಹತ್ತು ಮನೆ ಹಾರುವ ಆಟವಾಯಿತು. ಸ್ಯಾಂಪಲ್ ಡಬ್ಬಿ ಬಂದ ದಿನ ನಮ್ಮ ಹಾರಿಕಾ ಹಾಗೆ ಹಾರಿದ್ದನ್ನು ನೋಡಿ ನೀವು ‘ಇದು ನನ್ನಾಟ ಅಲ್ಲ, ನನ್ನ ಹೆಸರು ತೆಗೀರಿ’ ಅಂದು ಚೀಲ ಹಿಡಿದು ಬಸ್ಸು ಹತ್ತಿದಿರಿ.

ಈಗ ಕಂಪನಿಯ ಜಗದೀಶ ಹೊತ್ತು ಗೊತ್ತಿಲ್ಲದೆ ಫೋನು ಮಾಡುತ್ತಾರೆ. ಹಾರುವ ಆಟವೇ ಚುರುಕು, ಆಡಿದವರೆಲ್ಲ ಮೆಚ್ಚಿದ್ದಾರೆ, ತಿದ್ದುವುದಿಲ್ಲ ಅನ್ನುತ್ತಾರೆ. ಆದರೆ ಡಬ್ಬಿಯ ಮೇಲೆ ನಿಮ್ಮ ಫೋಟೋ ಮತ್ತು ‘ಮಹಾಂತಮ್ಮ ಅಜ್ಜಿಯ ಆಟ’ ಎಂಬ ಹೆಸರು ಬೇಕೇ ಬೇಕಂತೆ. ಸೋಮವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಇದರ ಜೊತೆಗಿಟ್ಟ ಒಪ್ಪಿಗೆ ಕಾಗದಕ್ಕೆ ನಿಮ್ಮ ಸಹಿ ಬೀಳದಿದ್ದರೆ ಆಟವೇ ಇಲ್ಲ. ನಿಮ್ಮ ಮಗ ಯಾರ್ಡಿನ ತುಂಬ ಡಂಗುರ ಸಾರಿ ಬಂದಿದ್ದಾರೆ, ಈಗ ಹೇಗೆ ಮುಖ ತೋರಿಸಲಿ ಎಂದು ಊಟ ಬಿಟ್ಟು ಕೂತಿದ್ದಾರೆ. ‘ಒಂದು ಮಾತಿಗೆ ಇಷ್ಟು ಹಟ ಯಾಕ ಅಂತ ಬರಿ’ ಅನ್ನುತ್ತಿದ್ದಾರೆ. ಬರೆದಿದ್ದೇನೆ. ಮಗನ ಮುಖ ನೋಡಿ ಸಹಿ ಹಾಕಿ, ಕಾಗದ ತಂದ ಕೆಂಚಣ್ಣನ ಕೈಯಲ್ಲೇ ಕಳಿಸಬೇಕಂತೆ.

ಗಂಗೋತ್ರಿಗೂ ಅವಳ ಯಜಮಾನರಿಗೂ ನಮ್ಮ ನೆನಪು ಹೇಳಿ. ಹಾರಿಕಾ ನಿಮ್ಮ ಚಾದರವನ್ನೇ ಹೊದ್ದು ಮಲಗುತ್ತಾಳೆ. ನಿಮ್ಮ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ.

ನಿಮ್ಮ ಸೊಸೆ,
ಪ್ರತಿಮಾ

ಅವಸರದಲ್ಲಿ: ಇವರು ಕೆಂಚಣ್ಣನನ್ನು ಕರೆಯಲು ಹೊರಗೆ ಹೋಗಿದ್ದಾರೆ. ಅತ್ತೆ, ಸಹಿ ಹಾಕಬೇಡಿ. ಕಂಪನಿಯವರಿಗೆ ಡಬ್ಬಿ ಮಾರಲು ನಿಮ್ಮ ಮುಖ ಬೇಕು. ನೀವು ಗಟ್ಟಿಯಾಗಿ ಕೂತರೆ ಆ ಜಗದೀಶ ತಾನೇ ನಿಯಮ ತಿದ್ದಬಹುದು, ತಿದ್ದದಿದ್ದರೆ ಆಟ ನಮ್ಮ ಪಡಸಾಲೆಯಲ್ಲೇ ಇರಲಿ. ನಿನ್ನೆ ಹಾರಿಕಾ ಹಾರಿಹಾರಿ ಗೆದ್ದಳು. ಹಿಂದೆ ಉಳಿದ ತಮ್ಮ ಅಳುತ್ತಿದ್ದರೂ ತಿರುಗಿ ನೋಡಲಿಲ್ಲ. ನನಗೆ ಹೆದರಿಕೆಯಾಯಿತು. ನಿಮ್ಮ ಮಗ ಸಿಟ್ಟಾದರೆ ಆಗಲಿ, ನಾನಿದ್ದೇನೆ. ಇಷ್ಟನ್ನು ಮಾತ್ರ ಅವರಿಗೆ ಓದಿ ಹೇಳುವುದಿಲ್ಲ.